ಬೆಳಗ್ಗೆಯೂ ಕೋಳಿಯ ಕತ್ತಿನ ಚೀಲ ಖಾಲಿಯಾಗಿಲ್ಲವೇ? ಹಾಗಾದರೆ ಇದನ್ನು ಓದಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಲವು ಮನೆಗಳ ಹಿತ್ತಿಲಲ್ಲಿ ಈಗಲೂ ನಾಲ್ಕೈದು ಕೋಳಿಗಳು ಓಡಾಡುತ್ತಿರುತ್ತವೆ. ಕೆಲವು ಊರಿನ ನಾಟಿ ಕೋಳಿಗಳು, ಕೆಲವು ಪಂಚಾಯತ್ ಯೋಜನೆಯಲ್ಲಿ ಸಿಕ್ಕಿದ ಗ್ರಾಮಶ್ರೀ, ಗ್ರಾಮಲಕ್ಷ್ಮಿಯಂಥ ತಳಿಗಳು. ಇವುಗಳ ಲೆಕ್ಕ ಇರುವುದು ಹೆಚ್ಚಾಗಿ ಮನೆಯ ಉಮ್ಮಂದಿರ ಕೈಯಲ್ಲಿ. ಒಂದು ಕೋಳಿ ವರ್ಷಕ್ಕೆ 150 ಮೊಟ್ಟೆ ಇಡುತ್ತದೆ, ಮೊಟ್ಟೆಗೆ 8 ರೂಪಾಯಿ ಅಂತ ಹಿಡಿದರೂ 1,200 ರೂಪಾಯಿ ಆಯಿತು. ಅಂಥ ಕೋಳಿ ಮೂಲೆಯಲ್ಲಿ ಮಂಕಾಗಿ ಕೂತರೆ ‘ಏನೋ ರೋಗ ಬಂತು’ ಅಂತ ಕೈಬಿಡುವವರೇ ಜಾಸ್ತಿ. ಆದರೆ ಕೆಲವೊಮ್ಮೆ ತೊಂದರೆ ಇರುವುದು ಕತ್ತಿನ ಬುಡದ ಆಹಾರ ಚೀಲದಲ್ಲಿ ಮಾತ್ರ. ಬೇಗ ಗೊತ್ತಾದರೆ ಅದನ್ನು ಸರಿ ಮಾಡಬಹುದು.

ಈ ಚೀಲದ ಕೆಲಸ ಏನು?

ಕೋಳಿಗೆ ಹಲ್ಲಿಲ್ಲ. ಹೆಕ್ಕಿದ ಕಾಳು, ಹುಲ್ಲು, ಹುಳ ಎಲ್ಲವೂ ಮೊದಲು ಎದೆಯ ಮೇಲ್ಭಾಗದಲ್ಲಿ, ಕೋಳಿಯ ಬಲಬದಿಗೆ ಇರುವ ಒಂದು ಚೀಲಕ್ಕೆ ಬೀಳುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರಾಪ್ ಎನ್ನುತ್ತಾರೆ. ಅಲ್ಲಿ ಆಹಾರ ನೆನೆದು ಮೆತ್ತಗಾಗಿ ಸ್ವಲ್ಪ ಸ್ವಲ್ಪವೇ ಕೆಳಗಿನ ಹೊಟ್ಟೆಗೆ ಇಳಿಯುತ್ತದೆ. ಆಮೇಲೆ ಗಿಝಾರ್ಡ್, ಅಂದರೆ ಕೋಳಿ ಅಂಗಡಿಯಲ್ಲಿ ಲಿವರ್ ಜೊತೆ ಕೊಡುವ ಆ ಗಟ್ಟಿ ಮಾಂಸದ ಭಾಗ, ನುಂಗಿದ ಸಣ್ಣ ಕಲ್ಲುಗಳ ಸಹಾಯದಿಂದ ಅದನ್ನು ಅರೆಯುತ್ತದೆ.

ಸಂಜೆ ಗೂಡಿಗೆ ಹೋಗುವಾಗ ಈ ಚೀಲ ಉಬ್ಬಿರುವುದು ಒಳ್ಳೆಯ ಲಕ್ಷಣ. ಬೆಳಗ್ಗೆ ಗೂಡು ತೆರೆಯುವಾಗ ಅದು ಖಾಲಿಯಾಗಿರಬೇಕು. ಹಾಗಾಗಿ ಪರೀಕ್ಷೆ ಮಾಡಬೇಕಾದದ್ದು ಬೆಳಗ್ಗೆ, ತಿನ್ನಲು ಹಾಕುವ ಮೊದಲು.

ಮುಟ್ಟಿ ನೋಡಿದರೆ ಗೊತ್ತಾಗುತ್ತದೆ

ಬೆಳಗ್ಗೆಯೂ ಚೀಲ ಗಟ್ಟಿಯಾಗಿ, ಕಲಸಿದ ಹಿಟ್ಟಿನ ಉಂಡೆಯಂತೆ ಕೈಗೆ ಸಿಕ್ಕಿದರೆ ಒಳಗೆ ಕಟ್ಟಿಕೊಂಡಿದೆ ಎಂದರ್ಥ. ಉದ್ದದ ಹುಲ್ಲು, ಬೈಹುಲ್ಲು, ತೆಂಗಿನ ನಾರು, ಗೋಣಿಚೀಲದ ದಾರ, ಪ್ಲಾಸ್ಟಿಕ್ ತುಂಡು ಇವೆಲ್ಲ ಇದಕ್ಕೆ ಕಾರಣ.

ಚೀಲ ನೀರು ತುಂಬಿದ ಬಲೂನಿನಂತೆ ಮೆತ್ತಗಿದ್ದು, ಬಾಯಿಯಿಂದ ಹುಳಿ ನಾತ ಬಂದರೆ ಅದು ಬೇರೆ ಸಮಸ್ಯೆ. ಒಳಗಿನ ಆಹಾರ ಹುಳಿತು ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿರುತ್ತದೆ. ಕೆಲವು ಕೋಳಿಗಳ ಬಾಯಿಯೊಳಗೆ ಬಿಳಿ ಪದರವೂ ಕಾಣುತ್ತದೆ. ಮೊದಲು ಕಟ್ಟಿಕೊಂಡದ್ದೇ ಆಮೇಲೆ ಹುಳಿಯುವುದೂ ಉಂಟು. ತುಂಬಾ ದಿನ ಆಂಟಿಬಯೋಟಿಕ್ ಕೊಟ್ಟ ಕೋಳಿಗೂ ಇದು ಬರಬಹುದು.

ಮೂರನೆಯದು ಜೋತುಬಿದ್ದ ಚೀಲ. ಸ್ನಾಯು ಸಡಿಲಾಗಿ ಚೀಲ ನೇತಾಡುತ್ತಿರುತ್ತದೆ. ಇದು ಪೂರ್ತಿ ಗುಣವಾಗುವುದು ಕಷ್ಟ. ಒಮ್ಮೆಲೇ ಹೆಚ್ಚು ಹಾಕದೆ, ಸ್ವಲ್ಪ ಸ್ವಲ್ಪ ಮೆತ್ತಗಿನ ಆಹಾರ ಕೊಟ್ಟು ಸಾಕಬೇಕು.

ಕಟ್ಟಿಕೊಂಡಿದ್ದರೆ ಮನೆಯಲ್ಲಿ ಮಾಡಬಹುದಾದದ್ದು

ಆ ಕೋಳಿಯನ್ನು ಬೇರೆ ಮಾಡಿ. 12ರಿಂದ 24 ಗಂಟೆ ಕಾಳು, ಹುಲ್ಲು ಏನೂ ಬೇಡ. ಕುಡಿಯುವ ನೀರು ಮಾತ್ರ ಯಾವಾಗಲೂ ಇರಲಿ. ಸೂಜಿ ತೆಗೆದ ಸಿರಿಂಜಿನಲ್ಲಿ 2-3 ಮಿಲಿ ತೆಂಗಿನೆಣ್ಣೆ, ಆಮೇಲೆ ಅಷ್ಟೇ ಉಗುರುಬೆಚ್ಚನೆ ನೀರನ್ನು ಕೊಕ್ಕಿನ ಬದಿಯಿಂದ ಹನಿ ಹನಿಯಾಗಿ ಕೊಡಿ. ಒಂದು ಹನಿ ನುಂಗಿದ ಮೇಲೆಯೇ ಇನ್ನೊಂದು. ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ ಇದೆ. ಅವಸರದಲ್ಲಿ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗಿ ಕೋಳಿ ಸಾಯಬಹುದು.

ನಂತರ ಕೋಳಿಯನ್ನು ನೇರವಾಗಿ ನಿಲ್ಲಿಸಿ, ಚೀಲವನ್ನು ಬೆರಳಿನಿಂದ ಮೆಲ್ಲಗೆ 5 ನಿಮಿಷ ತಿಕ್ಕಿ. ಉಂಡೆ ಸಡಿಲಾಗಬೇಕು ಅಷ್ಟೇ, ಜೋರಾಗಿ ಹಿಂಡಬಾರದು. ದಿನಕ್ಕೆ ಮೂರ್ನಾಲ್ಕು ಸಲ ತಿಕ್ಕಿದರೆ ಸಾಕು. ಚೀಲ ಖಾಲಿಯಾದ ಮೇಲೆ ನೆನೆಸಿದ ಕೋಳಿ ಫೀಡ್, ಬೇಯಿಸಿದ ಮೊಟ್ಟೆಯಂಥ ಮೆತ್ತಗಿನದ್ದನ್ನು ಸ್ವಲ್ಪ ಸ್ವಲ್ಪವೇ ಕೊಡಿ.

ಒಂದೆರಡು ದಿನದಲ್ಲಿ ಇಳಿಯದಿದ್ದರೆ ಕಾಯಬೇಡಿ. ಪಂಚಾಯತಿನ ಮೃಗಾಸ್ಪತ್ರೆಗೆ ಒಯ್ಯಿರಿ. ಬೇಕಾದರೆ ವೈದ್ಯರು ಚೀಲ ಕೊಯ್ದು ಒಳಗಿನದ್ದನ್ನು ತೆಗೆದು ಹೊಲಿಗೆ ಹಾಕುತ್ತಾರೆ. ಬ್ಲೇಡು ಹಿಡಿದು ಮನೆಯಲ್ಲೇ ಇದನ್ನು ಮಾಡುವ ಸಾಹಸ ಬೇಡವೇ ಬೇಡ.

ಹುಳಿ ನಾತ ಇದ್ದರೆ

ಇದಕ್ಕೆ ಎಣ್ಣೆ ಹಾಕಿ ಪ್ರಯೋಜನ ಇಲ್ಲ. ಮೆಡಿಕಲ್‌ನಿಂದ ಯಾವುದೋ ಆಂಟಿಬಯೋಟಿಕ್ ತಂದು ಕೊಟ್ಟರೆ ಶಿಲೀಂಧ್ರ ಇನ್ನೂ ಹೆಚ್ಚಾಗಬಹುದು. ಬೇಕಾದದ್ದು ನಿಸ್ಟಾಟಿನ್‌ನಂಥ ಶಿಲೀಂಧ್ರನಾಶಕ. ಅದರ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಬ್ರೆಡ್, ಬೆಲ್ಲ, ಸಿಹಿ ಪದಾರ್ಥ ನಿಲ್ಲಿಸಿ. ಕೋಳಿಯನ್ನು ತಲೆಕೆಳಗೆ ಹಿಡಿದು ವಾಂತಿ ಮಾಡಿಸುವ ಅಭ್ಯಾಸ ಕೆಲವರಿಗೆ ಇದೆ. ಹೊರಬಂದ ನೀರು ಶ್ವಾಸನಾಳಕ್ಕೆ ಹೋದರೆ ಅಲ್ಲಿಗೇ ಮುಗಿಯಿತು. ಮದ್ದು ನಡೆಯುತ್ತಿರುವಾಗ ಆ ಕೋಳಿಯ ಮೊಟ್ಟೆ ಮಾರುವ, ಅಥವಾ ಅದನ್ನು ಕೊಯ್ಯುವ ಮೊದಲು ಎಷ್ಟು ದಿನ ಬಿಡಬೇಕು ಅಂತ ವೈದ್ಯರಲ್ಲಿ ಕೇಳಿ.

ಎಲ್ಲವೂ ಚೀಲದ ತೊಂದರೆಯಲ್ಲ

ಕೆಲವೊಮ್ಮೆ ಚೀಲ ಖಾಲಿಯಾಗದಿರುವುದು ದೊಡ್ಡ ರೋಗದ ಗುರುತು ಮಾತ್ರ. ಹಸಿರು ಹಿಕ್ಕೆ, ಉಸಿರಾಟಕ್ಕೆ ಕಷ್ಟ, ಕತ್ತು ತಿರುಚುವುದು ಕಂಡರೆ ರಾಣಿಖೇತ್, ಅಂದರೆ ಕೊಕ್ಕರೆ ರೋಗ ಇರಬಹುದು. ಇದಕ್ಕೆ ಮದ್ದಿಲ್ಲ, ಮುಂಚಿತವಾಗಿ ಹಾಕುವ ಲಸಿಕೆಯೇ ದಾರಿ. ಒಂದರ ಹಿಂದೆ ಒಂದು ಕೋಳಿ ಸಾಯತೊಡಗಿದರೆ ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಉಳಿದದ್ದನ್ನು ಅವಸರದಲ್ಲಿ ಮಾರಲೂಬೇಡಿ. ಕೂಡಲೇ ಮೃಗಾಸ್ಪತ್ರೆಗೆ ತಿಳಿಸಿ. ಕೇರಳದಲ್ಲಿ ಹಕ್ಕಿಜ್ವರ ಹಲವು ಸಲ ಕಾಣಿಸಿಕೊಂಡಿರುವಾಗ ಇದು ನೆರೆಮನೆಯವರ ಸುರಕ್ಷತೆಯ ಪ್ರಶ್ನೆಯೂ ಹೌದು.

ಬಾರದಂತೆ ನೋಡಿಕೊಳ್ಳುವುದು ಸುಲಭ

ಹಿತ್ತಿಲಿನ ದಾರ, ಪ್ಲಾಸ್ಟಿಕ್ ಹೆಕ್ಕಿ ತೆಗೆಯಿರಿ. ಹುಲ್ಲು ಕೊಯ್ದು ಹಾಕುವುದಾದರೆ ಸಣ್ಣಗೆ ಕತ್ತರಿಸಿ. ಮದುವೆ ಮನೆಯ ಹಳಸಿದ ತುಪ್ಪದನ್ನ, ಬೂಸ್ಟು ಹಿಡಿದ ಅಕ್ಕಿ ಕೋಳಿಗೂ ಬೇಡ. ಗೂಡಲ್ಲೇ ಕಟ್ಟಿ ಸಾಕುವವರು ಒಂದು ತಟ್ಟೆಯಲ್ಲಿ ಸಣ್ಣ ಹರಳುಕಲ್ಲು ಇಡಿ. ನೀರಿನ ಪಾತ್ರೆಯನ್ನು ದಿನಾ ತೊಳೆಯಿರಿ. ವಾರಕ್ಕೊಮ್ಮೆಯಾದರೂ ಬೆಳಗ್ಗೆ ಗೂಡು ತೆರೆಯುವಾಗ ಪ್ರತಿ ಕೋಳಿಯ ಎದೆ ಮುಟ್ಟಿ ನೋಡಿ. ಐದು ಕೋಳಿಗೆ ಐದು ನಿಮಿಷವೂ ಬೇಡ. ಶಾಲೆಗೆ ಹೋಗುವ ಮಕ್ಕಳಿಗೂ ಇದನ್ನು ಕಲಿಸಿಕೊಡಬಹುದು.