ಮುಂದುವರಿದ ಅನ್ನನಾಳದ ಕ್ಯಾನ್ಸರ್: ಕೀಮೋ ಏನು ಮಾಡಬಲ್ಲದು?

ಅನ್ನನಾಳ ಹಿಗ್ಗುವ ಗುಣದ್ದು. ಒಳದಾರಿ ಬಹಳಷ್ಟು ಕಿರಿದಾಗುವವರೆಗೂ ನುಂಗಲು ತೊಂದರೆ ಕಾಣುವುದಿಲ್ಲ. ಮೊದಲು ರೊಟ್ಟಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಇಳಿಯದು. ಅಷ್ಟರಲ್ಲಿ ಅನೇಕರಲ್ಲಿ ಕ್ಯಾನ್ಸರ್ ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿರುತ್ತದೆ. ಆಗ ಆಪರೇಷನ್ನಿನಿಂದ ಪ್ರಯೋಜನವಿಲ್ಲ; ಕೀಮೋಥೆರಪಿಯೇ ಮುಖ್ಯ ಚಿಕಿತ್ಸೆ. ಅದರಿಂದ ರೋಗ ಪೂರ್ತಿ ವಾಸಿಯಾಗುವುದಿಲ್ಲ. ಗಡ್ಡೆ ಕುಗ್ಗಿ ಊಟ ಇಳಿಯಬಹುದು, ಆಯುಷ್ಯ ಕೆಲವು ತಿಂಗಳು ಹೆಚ್ಚಬಹುದು. ಈ ಮಾತನ್ನು ರೋಗಿಗೂ ಮನೆಯವರಿಗೂ ಆರಂಭದಲ್ಲೇ ಬಿಡಿಸಿ ಹೇಳುವುದು ಔಷಧಿಯಷ್ಟೇ ಮುಖ್ಯ.

ಸಾಮಾನ್ಯವಾಗಿ ಎರಡು ಔಷಧಿಗಳನ್ನು ಜೊತೆಯಾಗಿ ಕೊಡುತ್ತಾರೆ. 1957ರಲ್ಲಿ ಬಂದ ಫ್ಲೋರೋಯುರಾಸಿಲ್, ಜೀವಕೋಶ ಹೊಸ ಡಿಎನ್‌ಎ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಪ್ಲಾಟಿನಂ ಲೋಹದಿಂದಾದ ಸಿಸ್‌ಪ್ಲಾಟಿನ್ ಅಥವಾ ಆಕ್ಸಾಲಿಪ್ಲಾಟಿನ್, ಇರುವ ಡಿಎನ್‌ಎಗೇ ಅಂಟಿಕೊಂಡು ಕೋಶ ಒಡೆದು ಎರಡಾಗದಂತೆ ಮಾಡುತ್ತದೆ. ಇದರ ಸುಳಿವು ಸಿಕ್ಕಿದ್ದು ಅಮೆರಿಕದ ಮಿಷಿಗನ್‌ನಲ್ಲಿ. ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಇದ್ದ ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ಅವು ಒಡೆಯದೆ ಉದ್ದುದ್ದ ಬೆಳೆದವು. ಕಾರಣ ವಿದ್ಯುತ್ತಲ್ಲ, ವಿದ್ಯುತ್ ಹರಿಸಿದ ಎಲೆಕ್ಟ್ರೋಡಿನಿಂದ ಕರಗಿದ ಪ್ಲಾಟಿನಂ ಎಂದು 1965ರಲ್ಲಿ ವರದಿಯಾಯಿತು.

ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಎರಡು ವಾರಕ್ಕೊಮ್ಮೆ ಔಷಧಿ. ಆಕ್ಸಾಲಿಪ್ಲಾಟಿನ್ ಸುಮಾರು ಎರಡು ಗಂಟೆಯಲ್ಲಿ ಮುಗಿಯುತ್ತದೆ. ಫ್ಲೋರೋಯುರಾಸಿಲ್ ಮಾತ್ರ ಎದೆಯ ಚರ್ಮದಡಿ ಕೂರಿಸಿದ ಪೋರ್ಟ್ ಮೂಲಕ, ಸಣ್ಣ ಪಂಪಿನಿಂದ, 46 ಗಂಟೆ ನಿಧಾನವಾಗಿ ಹೋಗುತ್ತಿರುತ್ತದೆ. ಪಂಪ್ ಇಟ್ಟುಕೊಂಡೇ ಮನೆಗೆ ಹೋಗಬಹುದು. ಇದರ ಬದಲು ಕೆಪೆಸಿಟಬಿನ್ ಮಾತ್ರೆಯೂ ಉಂಟು, ಆದರೆ ನುಂಗಲಾಗದವರಿಗೆ ಮಾತ್ರೆ ಕೊಟ್ಟು ಏನು ಫಲ?

ಆಕ್ಸಾಲಿಪ್ಲಾಟಿನ್ ಪಡೆದ ಕೆಲವು ದಿನ ತಣ್ಣೀರು ಕುಡಿದರೆ ಗಂಟಲು ಬಿಗಿದಂತಾಗುತ್ತದೆ, ಫ್ರಿಜ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಗಡ್ಡೆಯೇ ಬೆಳೆಯಿತೆಂದು ರೋಗಿ ಹೆದರುವುದು ಸಹಜ. ಇದು ಔಷಧಿಯ ಪರಿಣಾಮ; ಬೆಚ್ಚಗಿನ ನೀರು ಕುಡಿದರೆ ತೊಂದರೆ ಕಡಿಮೆ. ನಿಜಕ್ಕೂ ಹೆದರಬೇಕಾದ್ದು ಜ್ವರಕ್ಕೆ. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುವಾಗ 100.4 ಡಿಗ್ರಿ ದಾಟಿದರೆ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಈಚೆಗೆ ಕೀಮೋ ಜೊತೆ ಇಮ್ಯುನೋಥೆರಪಿಯೂ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆಯೂ, ಸೇರಿದೆ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಪೆಂಬ್ರೋಲಿಜುಮಾಬ್ ಎಂಬ ಇಂಥ ಔಷಧಿ ಸೇರಿಸಿದವರ ಮಧ್ಯಾಂಕ ಬದುಕುಳಿವು (ಅರ್ಧದಷ್ಟು ಜನ ಬದುಕಿದ್ದ ಅವಧಿ) 12.4 ತಿಂಗಳು, ಕೀಮೋ ಮಾತ್ರ ಪಡೆದವರದು 9.8. ಗಡ್ಡೆಯ ತುಣುಕಿನಲ್ಲಿ ಪಿಡಿ-ಎಲ್1 ಎಂಬ ಪ್ರೊಟೀನ್ ಎಷ್ಟಿದೆಯೆಂಬ ಪರೀಕ್ಷೆಯಿಂದ ಯಾರಿಗೆ ಹೆಚ್ಚು ಲಾಭವೆಂದು ಅಂದಾಜಿಸುತ್ತಾರೆ. ಬೆಲೆ ಮಾತ್ರ ನಮ್ಮ ಬಹುಪಾಲು ಕುಟುಂಬಗಳ ಕೈಗೆ ನಿಲುಕದು.

ತೀರಾ ಸೊರಗಿದವರಿಗೆ ಕೀಮೋ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಅಂಥವರಿಗೆ ಮೊದಲು ನಾಳದೊಳಗೆ ಸ್ಟೆಂಟ್ ಇಟ್ಟೋ ಆಹಾರದ ಟ್ಯೂಬ್ ಹಾಕಿಯೋ ಪೋಷಣೆ ಕೊಡುತ್ತಾರೆ. ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ, ಗಡ್ಡೆ ಬೆಳೆಯುತ್ತಿದ್ದರೆ ಪ್ಯಾಕ್ಲಿಟ್ಯಾಕ್ಸೆಲ್ ಇಲ್ಲವೇ ಇರಿನೋಟೆಕನ್‌ಗೆ ಬದಲಿಸುತ್ತಾರೆ. ಕೀಮೋ ನಿಲ್ಲಿಸಿ, ನೋವು ಮತ್ತು ನುಂಗುವ ಕಷ್ಟಕ್ಕೆ ಮಾತ್ರ ಆರೈಕೆ ಮುಂದುವರಿಸುವುದೂ ರೋಗಿ ಆರಿಸಿಕೊಳ್ಳಬಹುದಾದ ದಾರಿಯೇ.