ರವದಿ ಸುಡಬೇಡಿ ಎಂದರಷ್ಟೇ ಸಾಕೇ?

ಕಬ್ಬು ಕಟಾವು ಶುರುವಾದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ರವದಿ ಸುಡುವ ಹೊಗೆ ಏಳುತ್ತದೆ. ‘ಸುಡಬೇಡಿ’ ಎಂಬ ಸರ್ಕಾರದ ಮಾತಿಗೆ ಊರಲ್ಲಿ ನಗುವವರೇ ಹೆಚ್ಚು. ಕಾರಣವೂ ಇದೆ. ಸುಡುವುದನ್ನು ನಿಷೇಧಿಸುವ ಅಧಿಕಾರ 1981ರ ವಾಯು ಮಾಲಿನ್ಯ ಕಾಯ್ದೆಯಲ್ಲೇ ಇದೆ. ಹೊಗೆ ಮಾತ್ರ ನಿಂತಿಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ರಾಜ್ಯದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ನಮ್ಮ ಹೊಲದ ಹೊಗೆ ಲೆಕ್ಕಕ್ಕೇ ಬರಲಿಲ್ಲ.

ರವದಿ ಪುಡಿ ಮಾಡಿ ಸಾಲಿಗೆ ಹೊದಿಸಿದರೆ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಇದು ರೈತರಿಗೂ ಗೊತ್ತು. ಆದರೆ ಕಟಾವಾದ ಕೂಡಲೇ ಕುಳೆ ಬೆಳೆಗೆ ನೀರು ಹಾಯಿಸಬೇಕು. ಆ ಹೊತ್ತಿಗೆ ಕಡ್ಡಿಪೆಟ್ಟಿಗೆ ಕಿಸೆಯಲ್ಲಿರುತ್ತದೆ, ಯಂತ್ರ ಇರುವುದಿಲ್ಲ. ಅದೇ ವಾರ ಯಂತ್ರ ಬಾಡಿಗೆಗೆ ಸಿಕ್ಕರೆ ನಂಬಿಕೆಯೂ ಹುಟ್ಟೀತು. ಗೆಳೆಯರೇ, ನೌಕರಿಗೆ ಕಾಯುವ ನಾವು ನಾಲ್ವರು ಸೇರಿ ಆ ಯಂತ್ರ ಓಡಿಸಬಾರದೇಕೆ?