ಫ್ರಾನ್ಸಿಗೆ ಮೈಸೂರಿನ ರಾಯಭಾರ (1788)

ಫ್ರಾನ್ಸಿಗೆ ಮೈಸೂರಿನ ರಾಯಭಾರವು ಟಿಪ್ಪು ಸುಲ್ತಾನನು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಕಳುಹಿಸಿದ ನಿಯೋಗ. ಫ್ರೆಂಚ್ ಕ್ರಾಂತಿಯ ಹಿಂದಿನ ವರ್ಷ, ಎಂದರೆ 1788ರಲ್ಲಿ, ಇದು ಆ ದೇಶವನ್ನು ತಲುಪಿತು. ಇಂಗ್ಲಿಷರ ವಿರುದ್ಧ ಸೇನಾ ಮೈತ್ರಿಯನ್ನು ಪಡೆಯುವುದು ಇದರ ಮುಖ್ಯ ಉದ್ದೇಶವಾಗಿತ್ತು. ಆ ಉದ್ದೇಶ ಈಡೇರಲಿಲ್ಲ.

ಹಿನ್ನೆಲೆ

ಎರಡನೆಯ ಮೈಸೂರು ಯುದ್ಧದಲ್ಲಿ (1780–84) ಫ್ರೆಂಚರು ಹೈದರಾಲಿ ಹಾಗೂ ಟಿಪ್ಪುವಿನ ಪಕ್ಷದಲ್ಲಿದ್ದರು. ಆದರೆ 1783ರಲ್ಲಿ ಯೂರೋಪಿನಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವೆ ಸಂಧಾನವಾದ ಸುದ್ದಿ ಬಂದೊಡನೆ, ಮಂಗಳೂರಿನ ಮುತ್ತಿಗೆಯಲ್ಲಿದ್ದ ಫ್ರೆಂಚ್ ದಳವು ಹಿಂದೆ ಸರಿಯಿತು. 1784ರ ಮಂಗಳೂರು ಒಪ್ಪಂದವನ್ನು ಟಿಪ್ಪು ಒಬ್ಬನೇ ಮಾಡಿಕೊಳ್ಳಬೇಕಾಯಿತು. ಆದುದರಿಂದ ಮುಂದಿನ ಮೈತ್ರಿಗೆ ದೊರೆಯಿಂದಲೇ ನೇರವಾಗಿ ವಚನ ಪಡೆಯುವುದು ಅಗತ್ಯವಾಯಿತು.

ಪ್ರಯಾಣ

ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮಹಮ್ಮದ್ ಉಸ್ಮಾನ್ ಖಾನ್ ಈ ನಿಯೋಗದ ರಾಯಭಾರಿಗಳು. 1787ರ ಜುಲೈಯಲ್ಲಿ ಪಾಂಡಿಚೇರಿಯಿಂದ ಹಡಗೇರಿದ ಇವರು ಆಫ್ರಿಕಾವನ್ನು ಬಳಸಿಕೊಂಡು 1788ರ ಜೂನ್ 9ರಂದು ತೂಲೋನ್ ಬಂದರನ್ನು ಸೇರಿದರು. ಜುಲೈಯಲ್ಲಿ ಪ್ಯಾರಿಸ್ ತಲುಪಿದರು.

1788ರ ಫ್ರಾನ್ಸ್

ಫ್ರಾನ್ಸಿನ ದೊರೆಯು ಸಿದ್ಧಾಂತದಲ್ಲಿ ನಿರಂಕುಶ ಪ್ರಭು. ಆದರೂ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾಗಿ ಮಾಡಿಕೊಂಡ ಸಾಲದಿಂದ ಬೊಕ್ಕಸ ಬರಿದಾಗಿತ್ತು. ರಾಜ್ಯದ ವೆಚ್ಚದಲ್ಲಿ ಸುಮಾರು ಅರ್ಧ ಭಾಗ ಸಾಲದ ಬಾಬಿಗೇ ಹೋಗುತ್ತಿತ್ತು. ಹೊಸ ತೆರಿಗೆಯ ಶಾಸನಗಳನ್ನು ದಾಖಲಿಸಿಕೊಳ್ಳಲು ಉಚ್ಚ ನ್ಯಾಯಮಂಡಲಿಗಳು ನಿರಾಕರಿಸಿದವು. ಜೂನ್ 7ರಂದು ಗ್ರೆನೋಬಲ್ ನಗರದ ಜನರು ಮಾಡಿನ ಮೇಲಿಂದ ಸೈನಿಕರತ್ತ ಹೆಂಚುಗಳನ್ನು ಎಸೆದರು. ಜುಲೈ 13ರ ಆಲಿಕಲ್ಲಿನ ಮಳೆ ಕಟಾವಿಗೆ ಬಂದ ಬೆಳೆಯನ್ನು ಹಾಳುಮಾಡಿತು. 1614ರ ನಂತರ ಸೇರದಿದ್ದ ಮೂರು ವರ್ಗಗಳ ಮಹಾಸಭೆಯನ್ನು 1789ರ ಮೇ ತಿಂಗಳಿಗೆ ಕರೆಯುವುದಾಗಿ ಆಗಸ್ಟ್ 8ರಂದು ಘೋಷಿಸಲಾಯಿತು.

ಭೇಟಿ ಮತ್ತು ಫಲಿತಾಂಶ

ಇದಾದ ಎರಡು ದಿನಗಳ ಬಳಿಕ, ಆಗಸ್ಟ್ 10ರಂದು, ವರ್ಸೇಲ್ಸ್ ಅರಮನೆಯಲ್ಲಿ ಲೂಯಿ ರಾಯಭಾರಿಗಳನ್ನು ವೈಭವದಿಂದ ಬರಮಾಡಿಕೊಂಡನು. ಆಗಸ್ಟ್ 16ರಂದು ಬೊಕ್ಕಸವು ನಗದು ಪಾವತಿಯನ್ನು ನಿಲ್ಲಿಸಿತು. ಇಂತಹ ಸ್ಥಿತಿಯಲ್ಲಿ ಇಂಗ್ಲೆಂಡಿನೊಡನೆ ಮತ್ತೊಂದು ಯುದ್ಧಕ್ಕೆ ಇಳಿಯುವ ಶಕ್ತಿ ಫ್ರಾನ್ಸಿಗಿರಲಿಲ್ಲ. ರಾಯಭಾರಿಗಳಿಗೆ ಸೇವ್ರ್ ಕಾರ್ಖಾನೆಯ ಪಿಂಗಾಣಿ ಮೊದಲಾದ ಉಡುಗೊರೆಗಳೂ ಮೈಸೂರಿಗೆ ಬರಲೊಪ್ಪಿದ ಕುಶಲಕರ್ಮಿಗಳೂ ದೊರೆತರು, ಸೇನೆ ದೊರೆಯಲಿಲ್ಲ. ಚಿತ್ರಕಾರ್ತಿ ಎಲಿಜಬೆತ್ ವಿಜೇ ಲ ಬ್ರೂನ್ ಬರೆದ ದರ್ವೇಶ್ ಖಾನನ ಭಾವಚಿತ್ರವು ಈ ಭೇಟಿಯ ಪ್ರಸಿದ್ಧ ನೆನಪಾಗಿ ಉಳಿದಿದೆ.

ನಿಯೋಗವು 1789ರ ಮೇ ತಿಂಗಳಲ್ಲಿ ಪಾಂಡಿಚೇರಿಗೆ ಮರಳಿತು. ಅದೇ ಜುಲೈಯಲ್ಲಿ ಪ್ಯಾರಿಸಿನ ಬ್ಯಾಸ್ಟೀಲ್ ಕೋಟೆ ಜನರ ವಶವಾಯಿತು. ಮೂರನೆಯ ಮೈಸೂರು ಯುದ್ಧದಲ್ಲಿ (1790–92) ಫ್ರಾನ್ಸ್ ತಟಸ್ಥವಾಗಿ ಉಳಿಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ರಾಜ್ಯದ ಅರ್ಧದಷ್ಟನ್ನು ಬಿಟ್ಟುಕೊಟ್ಟು, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು. ಮರುವರ್ಷ ಜನವರಿ 21ರಂದು ಲೂಯಿಗೆ ಮರಣದಂಡನೆಯಾಯಿತು.